ಮೋರೇರ ಮನಿ ಪಾಂಡವರದು ಹ್ಯಾಂಗಾಯ್ತು?

ಕಥೆ, ಕವಿತೆ, ಕಾದಂಬರಿಗೆ ಮಾತ್ರ ವಿಮರ್ಶೆ ಬರೆಯಬೇಕೆಂದು ಕಾಲೇಜಿನಲ್ಲಿ ಕಲಿಸುತ್ತಾರೆ. ಆದರೆ ನಮ್ಮ ಮಂದಿ ಕಾದಂಬರಿ ಓದಿ ಚರಿತ್ರೆ ಕಲಿತವರಲ್ಲ. ಜಾತ್ರೆಯಲ್ಲಿ ಕಲಿತರು, ಬಯಲಾಟದಲ್ಲಿ ಕಲಿತರು, ಶಾಲೆಯ ಗೋಡೆಯ ಚಿತ್ರ ನೋಡಿ ಕಲಿತರು. ಈಗ ಬಸ್ಸಿನಲ್ಲಿ ಮೈಕು ಹಿಡಿದು ನಿಂತವನ ಬಾಯಿಂದ ಕಲಿಯುತ್ತಿದ್ದಾರೆ. ಹಾಗಾದರೆ ಮೈಕು ಹಿಡಿದವನ ಮಾತೂ ಒಂದು ಕೃತಿಯೇ. ಅದರಲ್ಲಿ ನಾಯಕ ಯಾರು, ಕಾಣೆಯಾದವರು ಯಾರು, ಯಾರ ಕೈಗೆ ಕೆಲಸ, ಯಾರ ಹೆಸರಿಗೆ ಕೀರ್ತಿ ಎಂದು ಕೇಳದೆ ಬಿಟ್ಟರೆ ವಿಮರ್ಶೆ ಯಾಕೆ ಬೇಕು?

ಈಚೆಗೆ ಅಂಥ ಒಂದು ದಿನದ ಪ್ರವಾಸದಲ್ಲಿ ನಾನೂ ಕೂತಿದ್ದೆ. ಬೆಳಿಗ್ಗೆ ಯಾದಗಿರಿ ಕೋಟೆ. ಅಲ್ಲಿಂದ ಶಹಾಪುರ, ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಮುಂದೆ ರಸ್ತೆಯಲ್ಲೇ ಇಳಿದು ಒಂದು ಫೋಟೋ. ಆಮೇಲೆ ವಿಭೂತಿಹಳ್ಳಿಯ ಕಲ್ಲಿನ ಸಾಲು. ಸುರಪುರದಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್. ಊಟ. ಅನಂತರ ರಾಜನಕೋಳೂರು. ಸಂಜೆಗೆ ನಾರಾಯಣಪುರ ಡ್ಯಾಮು. ಗೈಡ್ ಹುಡುಗ ಒಳ್ಳೆಯ ಮಾತುಗಾರ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ದಿನಗೂಲಿಯವನೇ. ಅವನ ಬಾಯಿಗೆ ಆ ಮಾತು ಹಾಕಿದವರು ಯಾರು ಎನ್ನುವುದೇ ಇಲ್ಲಿನ ಪ್ರಶ್ನೆ.

ವಿಭೂತಿಹಳ್ಳಿಯಿಂದ ಶುರು ಮಾಡೋಣ. ಶಹಾಪುರದಿಂದ ಸುರಪುರದ ಕಡೆ ಹೋಗುವಾಗ ಸಿಗುವ ಬಯಲು ಅದು. ದೊಡ್ಡ ದೊಡ್ಡ ಗುಂಡುಕಲ್ಲುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಬೇಕಾಬಿಟ್ಟಿ ಇಟ್ಟದ್ದಲ್ಲ. ಒಂದು ಸಾಲಿನ ಎರಡು ಕಲ್ಲಿನ ನಡುವಿನ ತೆರಪಿಗೆ ಎದುರಾಗಿ ಮುಂದಿನ ಸಾಲಿನ ಕಲ್ಲು ಬರುತ್ತದೆ. ಓರೆಯಾಗಿ ನಿಂತು ನೋಡಿದರೆ ಮತ್ತೆ ಬೇರೆ ಸಾಲುಗಳು ಕಣ್ಣಿಗೆ ಹತ್ತುತ್ತವೆ. ಲೆಕ್ಕ ಗೊತ್ತಿದ್ದ ಕೈಯ ಕೆಲಸ. ಕೃಷ್ಣಾ ದಂಡೆಯ ಹತ್ತಿರ ಹನಮಸಾಗರದಲ್ಲಿ ಇದಕ್ಕಿಂತ ದೊಡ್ಡದು ಇದೆ. ಅಲ್ಲಿ ಸುಮಾರು 2500 ಕಲ್ಲು. ಸೂರ್ಯ ಹುಟ್ಟುವ ಮುಳುಗುವ ದಿಕ್ಕನ್ನು ಹಿಡಿದು ವರ್ಷದ ಲೆಕ್ಕ ಇಡಲು ಇವನ್ನು ನಿಲ್ಲಿಸಿರಬಹುದು ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ. ವಾದ ಇನ್ನೂ ಮುಗಿದಿಲ್ಲ. ನಮ್ಮ ಹೊಲದ ಪಕ್ಕದ ಬಯಲೊಂದು ಜಗತ್ತಿನ ವಿದ್ವಾಂಸರಿಗೆ ಇನ್ನೂ ಬಿಡಿಸಲಾಗದ ಲೆಕ್ಕವಾಗಿ ಉಳಿದಿದೆ ಎಂದರೆ ಮಕ್ಕಳಿಗೆ ಎಂಥ ಹುರುಪು ಬರಬೇಕು!

ಗೈಡ್ ಹೇಳಿದ್ದೇನು? "ಪಾಂಡವರು ವನವಾಸದಾಗ ಇಲ್ಲಿ ಬಂದಿದ್ರು ಅಂತ ಹೇಳ್ತಾರ್ರಿ. ಐದು ನಿಮಿಷ ನೋಡ್ರಿ, ಬಸ್ಸು ಹತ್ತ್ರಿ."

ಅಲ್ಲೇ ಸರ್ಕಾರದ ಪುರಾತತ್ವ ಇಲಾಖೆಯ ಫಲಕ ಇದೆ. ಇಂಥ ಫಲಕಗಳು ಎಲ್ಲ ಕಡೆಯೂ ಹೇಳುವುದು ಒಂದೇ. 1958ರ ಕಾಯಿದೆ, ಮುಟ್ಟಿದರೆ ಜೈಲು, ಕೆಡಿಸಿದರೆ ದಂಡ. 2010ರ ತಿದ್ದುಪಡಿ ಆದ ಮೇಲೆ ಎರಡು ವರ್ಷದ ತನಕ ಸಜೆ, ಒಂದು ಲಕ್ಷದ ತನಕ ದಂಡ. ಕಾನೂನು ಬೇಕು, ಬೇಡ ಅನ್ನುವುದಿಲ್ಲ. ಆದರೆ ಕಲ್ಲಿನ ಬೆಲೆ ಎಷ್ಟು ಎಂದು ಹೇಳುವ ಫಲಕ ಕಲ್ಲಿನ ಅರ್ಥ ಏನು ಎಂದು ಹೇಳದಿದ್ದರೆ ಹಳ್ಳಿಯವನಿಗೆ ಅದು ಪೊಲೀಸ್ ಠಾಣೆಯ ಗೋಡೆಯಷ್ಟೇ. ಹೀಗೆ ಒಂದು ಕಡೆ ಪುರಾಣ, ಇನ್ನೊಂದು ಕಡೆ ಠಾಣೆ. ಎರಡರ ನಡುವೆ ಚರಿತ್ರೆಗೆ ಜಾಗವಿಲ್ಲ.

ಇನ್ನು ರಾಜನಕೋಳೂರು. ಅಲ್ಲಿ ಕಲ್ಲಿನ ಚಪ್ಪಡಿ ನಿಲ್ಲಿಸಿ ಮೇಲೆ ಇನ್ನೊಂದು ಹೆಬ್ಬಂಡೆಯ ಚಪ್ಪಡಿ ಹೊದಿಸಿದ ಗೋರಿಗಳಿವೆ. ಕೆಲವಕ್ಕೆ ಮೂರೇ ಗೋಡೆ, ಒಂದು ಕಡೆ ಬಯಲು. ಕೆಲವಕ್ಕೆ ನಾಲ್ಕೂ ಕಡೆ ಗೋಡೆ, ಒಂದು ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ. ಕಬ್ಬಿಣ ಕಾಯಿಸಿ ಬಡಿಯಲು ಕಲಿತ ಕಾಲದ ಜನ ತಮ್ಮ ಸತ್ತವರಿಗಾಗಿ ಕಟ್ಟಿದ್ದು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಕುರಿ ಬಿಟ್ಟುಕೊಂಡು ಒಬ್ಬ ಮುದುಕ ಅಲ್ಲೇ ಕೂತಿದ್ದ. ನಾನು ಕೇಳಿದೆ:

"ಮುತ್ಯಾ, ಇವು ಯಾರ ಮನಿ?"

"ಮೋರೇರ ಮನಿ ಅಂತಾರ ತಮ್ಮಾ. ಗಿಡ್ಡ ಮಂದಿ ಇದ್ರಂತ. ಆಳು ಸಣ್ಣವು, ಕಸುವು ಭಾಳ. ಇಂಥಾ ಚಪ್ಪಡಿ ಅವರೇ ಹೊತ್ತು ತಂದು ಇಟ್ರಂತ."

ಗೈಡ್ ನಕ್ಕುಬಿಟ್ಟ. "ಅವೆಲ್ಲಾ ಹಳ್ಳಿ ಮಂದಿ ಕಟ್ಟುಕಥಿ ರೀ ಸರ. ಇವು ಪಾಂಡವರ ಗುಡಿ."

ಗೆಳೆಯರೆ, ಈ ಒಂದು ಮಾತನ್ನು ಸ್ವಲ್ಪ ನಿಂತು ಓದಬೇಕು. ಕುರಿ ಕಾಯುವವನ ಕಥೆ ಕಟ್ಟುಕಥೆಯಾಯಿತು. ಪಾಂಡವರ ಕಥೆ ಚರಿತ್ರೆಯಾಯಿತು. ಎರಡೂ ಬಾಯಿಮಾತೇ. ಎರಡಕ್ಕೂ ಶಾಸನದ ಆಧಾರವಿಲ್ಲ. ಮತ್ತೆ ಒಂದು ಯಾಕೆ ದೊಡ್ಡದು, ಒಂದು ಯಾಕೆ ಸಣ್ಣದು? ಹೇಳಿದವನ ಅಂತಸ್ತಿನಿಂದ.

ವಿಮರ್ಶೆಯ ಕಣ್ಣಿನಿಂದ ನೋಡಿದರೆ ಮುದುಕನ ಕಥೆಯೇ ಮೇಲು. ಯಾಕೆಂದರೆ ಆ ಕಥೆಗೆ ಕಲ್ಲಿನ ಭಾರ ಗೊತ್ತು. ಅದು ಕೇಳುವ ಮೊದಲ ಪ್ರಶ್ನೆ 'ಇದನ್ನು ಎತ್ತಿದವರು ಯಾರು' ಎಂಬುದು. ಆಳು ಸಣ್ಣವು, ಕಸುವು ಭಾಳ. ಊರಿನ ಕಣ್ಣಿಗೆ ಸಣ್ಣವರಾಗಿ ಕಂಡು ಊರಿನ ಭಾರವನ್ನೆಲ್ಲ ಹೊತ್ತವರನ್ನು ನಾವು ನೋಡಿಲ್ಲವೆ? ಕಂಡದ್ದರಿಂದಲೇ ಈ ಕಥೆ ನಮ್ಮ ಸೀಮೆಯಲ್ಲಿ ಬದುಕಿ ಉಳಿದಿದೆ. ಪಾಂಡವರ ಕಥೆಯಲ್ಲಿ ಭಾರ ಎತ್ತುವ ಪ್ರಶ್ನೆಯೇ ಇಲ್ಲ. ಭೀಮ ಇದ್ದಾನಲ್ಲ, ಮುಗಿಯಿತು. ರಾಜಕುಮಾರರು ಒಂದು ರಾತ್ರಿ ತಂಗಿದರು, ಕಲ್ಲು ತಾನಾಗಿ ನಿಂತಿತು. ದುಡಿದವನನ್ನು ಚರಿತ್ರೆಯಿಂದ ತೆಗೆಯಲು ಇದಕ್ಕಿಂತ ಸುಲಭದ ದಾರಿ ಬೇರೆ ಬೇಕೆ? ಅದೂ ಸುರಪುರದಲ್ಲಿ! ಬೇಡರು ಆಳಿದ ನೆಲದಲ್ಲಿ ನಿಂತು ಪಾಂಡವರ ಹೆಸರು ಹೇಳುವಾಗ ಏಕಲವ್ಯನ ಹೆಬ್ಬೆರಳು ಬಸ್ಸಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಪುರಾಣದವರು ಮಾತ್ರ ಹೀಗೆ ಮಾಡಿದರೆಂದು ತಿಳಿಯಬೇಡಿ. ಇಂಗ್ಲೀಷು ಬಲ್ಲವರೂ ಮಾಡಿದ್ದಾರೆ. ಸುರಪುರದಲ್ಲಿ 1840ರ ದಶಕದಿಂದ 1853ರ ತನಕ ಪೊಲಿಟಿಕಲ್ ಏಜೆಂಟನಾಗಿದ್ದ ಮೆಡೋಸ್ ಟೇಲರ್ ಈ ಕಲ್ಲುಗಳನ್ನು ಮೊದಲು ಅಳೆದು ಬರೆದವನು. ಆ ಶ್ರಮಕ್ಕೆ ಮರ್ಯಾದೆ ಕೊಡೋಣ. ಮೋರೇರ ಹೆಸರನ್ನು ಕಾಗದಕ್ಕೆ ಇಳಿಸಿದವನೂ ಅವನೇ. ಆದರೆ 1853ರಲ್ಲಿ ಮುಂಬೈಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದ ಅವನ ಲೇಖನದ ತಲೆಬರಹ ನೋಡಿ: ಸುರಪುರ ಸಂಸ್ಥಾನದ 'ಸಿಥಿಯನ್-ಡ್ರೂಯಿಡ್' ಅವಶೇಷಗಳು ಎಂದಿದೆ. ಸಿಥಿಯನ್ನರು ಮಧ್ಯ ಏಷ್ಯಾದ ಕುದುರೆ ಸವಾರರು. ಡ್ರೂಯಿಡರು ಇಂಗ್ಲೆಂಡು, ಐರ್ಲೆಂಡಿನ ಕಡೆಯ ಹಳೆಯ ಪುರೋಹಿತರು. ತನ್ನ ದೇಶದಲ್ಲಿ ಇಂಥ ಕಲ್ಲು ನೋಡಿದ್ದ, ಇಲ್ಲೂ ನೋಡಿದ. ಕಟ್ಟಿದವರು ಅಲ್ಲಿಂದಲೋ ಆಚೆಯಿಂದಲೋ ಬಂದಿರಬೇಕೆಂದು ತೀರ್ಮಾನಿಸಿದ. ತನಗೆ ಕಲ್ಲು ತೋರಿಸಲು ಮುಂದೆ ನಡೆದ ಹಳ್ಳಿಯವನ ಮುತ್ತಜ್ಜನ ಮುತ್ತಜ್ಜ ಕಟ್ಟಿರಬಹುದೆಂಬ ಯೋಚನೆಗೆ ಅವನ ತಲೆಬರಹದಲ್ಲಿ ಜಾಗ ಸಿಗಲಿಲ್ಲ.

ಈ ರೋಗ ಸುರಪುರಕ್ಕೆ ಮಾತ್ರ ತಗಲಿದ್ದಲ್ಲ. ಆಫ್ರಿಕಾದ ದಕ್ಷಿಣಕ್ಕೆ ಒಂದು ದೇಶವಿದೆ, ಜಿಂಬಾಬ್ವೆ. ಅಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದೊಡ್ಡ ಪಟ್ಟಣದ ಅವಶೇಷವಿದೆ. ಅದೇ ಗ್ರೇಟ್ ಜಿಂಬಾಬ್ವೆ. ಅಲ್ಲಿಯ ಶೋನಾ ಭಾಷೆಯಲ್ಲಿ ಆ ಹೆಸರಿಗೆ 'ಕಲ್ಲಿನ ಮನೆಗಳು' ಎಂದು ಅರ್ಥ ಹೇಳುತ್ತಾರೆ. ನಮ್ಮ ಮೋರೇರ ಮನಿಯ ಹಾಗೇ. 1871ರಲ್ಲಿ ಅಲ್ಲಿಗೆ ಹೋದ ಕಾರ್ಲ್ ಮೌಖ್ ಎಂಬ ಜರ್ಮನ್ ಅದನ್ನು ಬೈಬಲ್ಲಿನ ಶೀಬಾ ರಾಣಿಗೆ ಗಂಟು ಹಾಕಿದ. ಕಪ್ಪು ಜನ ಇಂಥದ್ದು ಕಟ್ಟಿರಲಾರರು ಎಂಬುದೇ ಆ ಕಾಲದ ಬಿಳಿಯರ ಒಟ್ಟು ವಾದ. 1905ರಲ್ಲಿ ರಾಂಡಲ್-ಮೆಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಎಂಬಾಕೆ ನೆಲ ಅಗೆದು ನೋಡಿ ಇದು ಆಫ್ರಿಕಾದವರದೇ ಕೆಲಸ ಎಂದು ಬರೆದರು. ಆದರೂ ಬಿಳಿಯರ ರೊಡೇಷಿಯಾ ಸರ್ಕಾರ 1960-70ರ ದಶಕಗಳಲ್ಲಿ ಆ ಮಾತನ್ನು ನೇರವಾಗಿ ಹೇಳಬಾರದೆಂದು ಪುರಾತತ್ವದವರ ಮೇಲೆ, ಪ್ರವಾಸಿಗರ ಕೈಪಿಡಿಗಳ ಮೇಲೆ ಒತ್ತಡ ಹಾಕಿತು. ಪೀಟರ್ ಗಾರ್ಲೇಕ್ ಎಂಬ ವಿದ್ವಾಂಸ 1970ರಲ್ಲಿ ದೇಶವನ್ನೇ ಬಿಡಬೇಕಾಯಿತು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಆ ಜನ ತಮ್ಮ ದೇಶಕ್ಕೇ ಆ ಕಲ್ಲಿನ ಮನೆಗಳ ಹೆಸರಿಟ್ಟುಕೊಂಡರು.

ಗೈಡ್ ಪುಸ್ತಕವೊಂದಕ್ಕೆ ಸರ್ಕಾರ ಯಾಕೆ ಹೆದರಬೇಕು? ಕಟ್ಟಿದವರು ಯಾರೆಂದು ಗೊತ್ತಾದರೆ ಆಳುವ ಹಕ್ಕು ಯಾರದು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ. ಅಲ್ಲಿ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಜಾತಿ ಮಾಡುತ್ತದೆ. ಅಲ್ಲಿ ಸರ್ಕಾರದ ಒತ್ತಡ ಬೇಕಾಯಿತು. ಇಲ್ಲಿ ಯಾರ ಹುಕುಮೂ ಬೇಕಿಲ್ಲ, ರೂಢಿಯೇ ಸಾಕು.

ಈಗ ಬಸ್ಸು ಹೋಗದ ಜಾಗಗಳ ಮಾತು. ಕೃತಿಯಲ್ಲಿ ಹೇಳಿದ್ದಷ್ಟೇ ಮುಖ್ಯ ಹೇಳದೆ ಬಿಟ್ಟದ್ದು. ಬೂದಿಹಾಳಕ್ಕೆ ಹೋಗೋಣ ಎಂದು ಕೇಳಿದ್ದಕ್ಕೆ, "ಅಲ್ಲಿ ನೋಡಾಕ ಏನೈತ್ರಿ, ಬೂದಿ ದಿಬ್ಬ" ಎಂದ ಗೈಡ್.

ಬೂದಿ ದಿಬ್ಬ ಹೌದು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕಿ ಬದುಕಿದ ಜನರ ದೊಡ್ಡಿಯ ಸಗಣಿ ಸುಟ್ಟು ಸುಟ್ಟು ಆದ ದಿಬ್ಬ ಅದು. ಕೊಡೇಕಲ್ಲಿನಲ್ಲೂ ಇದೆ, ಬಳ್ಳಾರಿ ಕಡೆಯೂ ಇವೆ. ಹಂಪಿಯ ಹತ್ತಿರ ನಿಂಬಾಪುರದಲ್ಲಿ ಇಂಥದೇ ದಿಬ್ಬಕ್ಕೆ ವಾಲಿಯನ್ನು ಸುಟ್ಟ ಬೂದಿ ಎಂಬ ಕಥೆ ಅಂಟಿಸಿದ್ದಾರೆ. ಇವು ದನದ ದೊಡ್ಡಿಗಳೆಂದು ತೋರಿಸಲು ಆಲ್ಚಿನ್ ಎಂಬ ವಿದ್ವಾಂಸ ನಮ್ಮ ಗಡಿಯಾಚೆಯ ಉಟ್ನೂರಿನಲ್ಲಿ 1957ರಲ್ಲಿ ನೆಲ ಅಗೆಯಬೇಕಾಯಿತು. ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1989ರಿಂದ ಹಲವು ವರ್ಷ ಉತ್ಖನನ ಮಾಡಿದರು. ಸಿಕ್ಕಿದ್ದೇನು? ದನದ ದೊಡ್ಡಿ. ಅದರ ಮಗ್ಗುಲಲ್ಲೇ ಜನ ಬದುಕಿದ ಜಾಗ. ಮಡಕೆಯಲ್ಲಿಟ್ಟು ಹೂಳಿದ ಎಳೆಮಕ್ಕಳು. ಇನ್ನೊಂದು ಸಿಕ್ಕಿತು: ದನ ಕೊಯ್ದು ಮಾಂಸ ಹಂಚುವ ನೆಲ. ಮೂಳೆ, ಕಲ್ಲಿನ ಕತ್ತಿ, ಎಲ್ಲ ಅಲ್ಲೇ.

ಗೈಡ್ ಇದನ್ನು ಹೇಳುವುದಿಲ್ಲ. ಹೇಳಿದರೆ ಬಸ್ಸಿನಲ್ಲಿ ಗಲಾಟೆಯಾಗುತ್ತದೆ. ಸಾಕಿದ ಕೈಯೇ ಕೊಯ್ದಿದೆ, ಕೊಯ್ದ ಕೈಯೇ ಸಾಕಿದೆ, ಅದರಲ್ಲಿ ಮೈಲಿಗೆಯ ಮಾತೇ ಇಲ್ಲ. 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ನಿಷೇಧ ಕಾಯಿದೆಯ ನಾಡಿನಲ್ಲಿ ನಾಲ್ಕು ಸಾವಿರ ವರ್ಷದ ಕಸಾಯಿ ನೆಲವೊಂದು ತಣ್ಣಗೆ ಮಲಗಿದೆ. ಶಾಲೆಯಲ್ಲಿ ಬುತ್ತಿ ಬಿಚ್ಚಲು ನಾಚಿ ಗೋಡೆಯ ಕಡೆ ಮುಖ ಮಾಡಿ ಉಂಡ ನಮ್ಮ ಕೇರಿಯ ಮಕ್ಕಳಿಗೆ ಈ ಸುದ್ದಿ ಮುಟ್ಟಬೇಕೋ ಬೇಡವೋ? ತಿನ್ನಿ ಎಂದು ಹೇಳಲಿಕ್ಕಲ್ಲ. ತಲೆ ಎತ್ತಿ ಕೂತು ಉಣ್ಣಿ ಎಂದು ಹೇಳಲಿಕ್ಕೆ.

ಇನ್ನೊಂದು ಬಿಟ್ಟ ಜಾಗ ಇಸಾಂಪುರ. ಹುಣಸಗಿ, ಬೈಚಬಾಳದ ಕಣಿವೆಯಲ್ಲಿ ಆದಿಮಾನವರ ಕಲ್ಲಿನ ಆಯುಧ ಸಿಕ್ಕ ಇನ್ನೂರಕ್ಕೂ ಹೆಚ್ಚು ಜಾಗಗಳನ್ನು ಪದ್ದಯ್ಯ ಅವರು ದಶಕಗಟ್ಟಲೆ ತಿರುಗಿ ಗುರುತು ಹಚ್ಚಿದರು. ಇಸಾಂಪುರದ ನೆಲ 1983ರಲ್ಲಿ ಗೊತ್ತಾಯಿತು. ನೀರಾವರಿ ಕಾಲುವೆಯ ಕೆಲಸಕ್ಕೆಂದು ಮೇಲಿನ ಮಣ್ಣು ತೆಗೆದಿದ್ದರು, ಕೆಳಗೆ ಕಲ್ಲು ಹೊರಬಿದ್ದಿದ್ದವು. ಮುಂದೆ ಉತ್ಖನನವಾಯಿತು. ಸುಣ್ಣಕಲ್ಲಿನ ಚಪ್ಪಡಿ ಎತ್ತಿ, ಅಲ್ಲೇ ಕೂತು ಒಡೆದು, ಕೈಗೊಡಲಿ ಮಾಡಿದ ಕಾರ್ಖಾನೆ ಅದು. ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ಆಗ ನಮ್ಮಂಥ ಮನುಷ್ಯರೇ ಭೂಮಿಯ ಮೇಲೆ ಇರಲಿಲ್ಲ. ನಮಗಿಂತ ಹಿಂದಿನ ಮನುಷ್ಯ ಕುಲ ಮಾಡಿದ ಕೆಲಸ. ಅದೇ ಸೀಮೆಯ ಮಂದಿ ಇವತ್ತಿಗೂ ಕಲ್ಲು ಒಡೆಯುತ್ತಾರೆ, ಫರಸಿ ಹೊರುತ್ತಾರೆ, ಗುಳೆ ಹೋಗಿ ಬೆಂಗಳೂರು, ಪುಣೆ, ಮುಂಬೈಯಲ್ಲಿ ಊರವರ ಮನೆ ಎಬ್ಬಿಸುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಜೋಹಾನ್ಸ್‌ಬರ್ಗಿನಿಂದ ಬೆಳಿಗ್ಗೆ ಹೊರಟು ಆದಿಮಾನವರ ಮೂಳೆ ಸಿಕ್ಕ ಸ್ಟರ್ಕ್‌ಫಾಂಟೈನ್ ಗವಿ ನೋಡಿ ಸಂಜೆಗೆ ಮರಳುತ್ತಾರೆ. ಅದು ಇಡೀ ಮನುಷ್ಯ ಕುಲದ ತೊಟ್ಟಿಲು ಎಂದು ಹೆಮ್ಮೆಯಿಂದ ತೋರಿಸುತ್ತಾರೆ. ನಾವು ಇಸಾಂಪುರದ ಪಕ್ಕದಲ್ಲೇ ಹಾದು ಡ್ಯಾಮಿನ ಗೇಟು ನೋಡಲು ಹೋಗುತ್ತೇವೆ.

ಒಂದು ಮಾತನ್ನು ನಮ್ಮವರಿಗೂ ಹೇಳಬೇಕು. ಪಾಂಡವರ ಬೋರ್ಡು ಕಿತ್ತು ಅಲ್ಲಿ ನಮ್ಮ ಜಾತಿಯ ಬೋರ್ಡು ನೆಡುವ ಆಸೆ ಕೆಲವು ಗೆಳೆಯರಿಗೆ ಇದೆ. ರಾಜನಕೋಳೂರಿನ ಗೋರಿ ನಮ್ಮ ಪೂರ್ವಿಕರದು, ಬೂದಿಹಾಳದವರು ನಮ್ಮ ಕುಲದವರು ಎಂದು ಭಾಷಣ ಮಾಡುತ್ತಾರೆ. ಆ ಸಿಟ್ಟು ನನಗೆ ತಿಳಿಯುತ್ತದೆ. ಆದರೆ ಆಧಾರ ಎಲ್ಲಿ? ಇಸಾಂಪುರದವನಿಗೆ ಜಾತಿ ಇರಲಿಲ್ಲ. ಬೂದಿಹಾಳದವರು ತಮ್ಮನ್ನು ಏನೆಂದು ಕರೆದುಕೊಂಡರೋ ಯಾವ ಮೂಳೆಯೂ ಹೇಳುವುದಿಲ್ಲ. 1948ರಲ್ಲಿ ಬಂದ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಬಾಬಾಸಾಹೇಬರು ದನದ ಮಾಂಸಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು ವಾದಿಸಿದರು. ಆದರೆ ಅವರು ಮಾತಾಡಿದ ಕಾಲ ಬೂದಿಹಾಳಕ್ಕಿಂತ ಬಹಳ ಈಚಿನದು. ಅವರ ಮಾತನ್ನು ಎಳೆದು ಎಲ್ಲೆಲ್ಲಿಗೋ ಕಟ್ಟಿದರೆ ಅವರಿಗೂ ಅನ್ಯಾಯ, ಸತ್ಯಕ್ಕೂ ಅನ್ಯಾಯ. ಮತ್ತೆ ಅಷ್ಟು ದೊಡ್ಡ ಗೋರಿ ಎಲ್ಲ ಸತ್ತವರಿಗೂ ಸಿಕ್ಕಿರಲಾರದು. ಒಳಗೆ ಮಲಗಿದವನು ಯಾರು, ಚಪ್ಪಡಿ ಹೊತ್ತವನು ಯಾರು, ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರೇ? ಈ ಪ್ರಶ್ನೆ ಆ ಕಾಲಕ್ಕೂ ಕೇಳಬೇಕು. ರಕ್ತದ ನಂಟು ಹುಡುಕುವುದು ಪುರೋಹಿತರ ಕೆಲಸ. ನಮಗೆ ಬೇಕಾದ್ದು ಕೆಲಸದ ನಂಟು. ಕಲ್ಲು ಎತ್ತಿದ ಹೆಗಲಿಗೂ ಇವತ್ತು ಕಲ್ಲು ಎತ್ತುವ ಹೆಗಲಿಗೂ ಇರುವ ನಂಟಿಗೆ ವಂಶಾವಳಿ ಬೇಕಿಲ್ಲ.

ಬುದ್ಧನ ಗುಡ್ಡದ ವಿಷಯದಲ್ಲೂ ಇದೇ ಮಾತು. ಗಾಳಿ ಮಳೆ ಕೊರೆದ ಬಂಡೆ ಬುದ್ಧನ ಹಾಗೆ ಕಾಣುತ್ತದೆ. ಚಂದ. ಕೈಮುಗಿಯುವವರು ಮುಗಿಯಲಿ. ಆದರೆ ಬುದ್ಧ ಬಂಡೆಯ ಆಕಾರದಲ್ಲಿ ಮಾತ್ರ ಇಲ್ಲಿ ಇದ್ದನೇ? ಭೀಮಾ ದಂಡೆಯ ಸನ್ನತಿಗೆ ಹೋಗಿ. 1986ರಲ್ಲಿ ಚಂದ್ರಲಾಂಬ ಗುಡಿಯ ಆವರಣದ ಕಾಳಿ ಗುಡಿಯ ಮಾಡು ಕುಸಿದಾಗ ದೇವಿಯ ಪೀಠಕ್ಕೆ ಹಾಕಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪವೂ, 'ರಾಯೋ ಅಸೋಕೋ' ಎಂದು ಹೆಸರು ಕೆತ್ತಿದ ಅಶೋಕನ ಶಿಲ್ಪವೂ ಹೊರಬಂದವು. ಅಗೆದ ಮೇಲೂ ಆ ಕಲ್ಲುಗಳು ಬಹಳ ವರ್ಷ ಬಯಲಲ್ಲೇ ಬಿದ್ದಿದ್ದವು. ರಾಜನ ಮಾತು ದೇವರ ಕೆಳಗೆ ಹೂತುಹೋಗಿತ್ತು. ಮಾಡು ಬಿದ್ದ ಮೇಲೆಯೇ ಓದಲು ಸಿಕ್ಕಿತು. ಇದಕ್ಕೆ ನನ್ನ ವ್ಯಾಖ್ಯಾನ ಬೇಕಿಲ್ಲ. ಫೋಟೋ ತೆಗೆದವರಲ್ಲಿ ಎಷ್ಟು ಜನ ಅಲ್ಲಿಗೂ ಹೋಗಿದ್ದಾರೆ ಎಂದು ಮಾತ್ರ ಕೇಳುತ್ತೇನೆ.

ಟೀಕೆ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಮಾಡಬೇಕಾದ್ದೇನು? ನಮ್ಮ ಹಳ್ಳಿ ಮೇಷ್ಟ್ರುಗಳು, ಸಂಘಟನೆಯ ಹುಡುಗರು ಕೈಹಾಕಬಹುದಾದ ಕೆಲಸ ಇದು. ಶಾಲೆಯ ಪ್ರವಾಸವೆಂದರೆ ಮೈಸೂರು, ಜೋಗ ಎಂದೇ ಆಗಿದೆ. ದುಡ್ಡಿಲ್ಲದ ಮಗು ಊರಲ್ಲೇ ಉಳಿಯುತ್ತದೆ. ಅದರ ಬದಲು ಒಂದು ದಿನ ಬುತ್ತಿ ಕಟ್ಟಿಕೊಂಡು ವಿಭೂತಿಹಳ್ಳಿಗೆ ನಡೆಯಿರಿ, ಬೂದಿಹಾಳಕ್ಕೆ ಹೋಗಿ. ಒಂದು ಹಗ್ಗ ಒಯ್ಯಿರಿ. ಕಲ್ಲಿನಿಂದ ಕಲ್ಲಿಗೆ ಎಷ್ಟು ದೂರ ಎಂದು ಮಕ್ಕಳೇ ಅಳೆಯಲಿ, ಹಾಳೆಯ ಮೇಲೆ ಚುಕ್ಕಿ ಇಡಲಿ. ಇಷ್ಟು ದೊಡ್ಡ ಕಲ್ಲು ಉರುಳಿಸಲು ಎಷ್ಟು ಆಳು ಬೇಕು ಎಂದು ಕಲ್ಲಿನ ಕೆಲಸ ಬಲ್ಲ ಅಪ್ಪನನ್ನು ಕೇಳಿಕೊಂಡು ಬರಲಿ. ಆ ದಿನ ಆ ಅಪ್ಪನೇ ಶಾಲೆಯ ಮೇಷ್ಟ್ರು. ಕುರಿ ಕಾಯುವ ಮುತ್ಯಾನ ಕಥೆಯನ್ನು ಅವನ ಮಾತಿನಲ್ಲೇ ಬರೆದುಕೊಳ್ಳಲಿ. ಅದನ್ನು ಚರಿತ್ರೆ ಎಂದೂ ಹೇಳಬೇಡಿ, ಮೌಢ್ಯ ಎಂದೂ ನಗಬೇಡಿ. ಉತ್ಖನನದಲ್ಲಿ ಗುದ್ದಲಿ ಹಿಡಿದವರು, ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಊರಲ್ಲಿ ಇನ್ನೂ ಇದ್ದರೆ ಕರೆದು ಕೂಡಿಸಿ. ಮಣ್ಣಿನಿಂದ ಮೂಳೆ ಮೊದಲು ಕಂಡ ಕಣ್ಣು ಅವರದು.

ಇಲಾಖೆಯವರಿಗೂ ಒಂದು ಬೇಡಿಕೆ ಇಡೋಣ. ದಂಡದ ಮೊತ್ತದ ಪಕ್ಕ ಹತ್ತು ಸಾಲು ಕನ್ನಡ ಬರೆಸಿ. ಯಾವ ಕಾಲದ್ದು, ಯಾತಕ್ಕೆ ಕಟ್ಟಿರಬಹುದು, ಏನು ಸಿಕ್ಕಿತು, ಏನು ಇನ್ನೂ ತಿಳಿದಿಲ್ಲ. ಗೈಡ್ ಕೆಲಸಕ್ಕೆ ಆ ಊರಿನ ಓದಿದ ಹುಡುಗ ಹುಡುಗಿಯರನ್ನೇ ತರಬೇತಿ ಕೊಟ್ಟು ತಗೊಳ್ಳಿ. ಕುರಿ ಕಾಯುವವನ ಮೊಮ್ಮಗಳು ಮೈಕು ಹಿಡಿದ ದಿನ ಬಸ್ಸಿನಲ್ಲಿ ಕಥೆ ಬೇರೆಯಾಗುತ್ತದೆ.

ಪಾಂಡವರಿಗೆ ನಾಡಿನ ತುಂಬ ಗುಡಿಗಳಿವೆ, ಪರ್ವಗಳಿವೆ, ಟೀವಿಯೂ ಇದೆ. ಅವರಿಗೇನೂ ಕಮ್ಮಿ ಆಗುವುದಿಲ್ಲ. ಮೋರೇರಿಗೆ ಇರುವುದು ಒಂದೇ ಮನಿ. ಅದನ್ನಾದರೂ ಅವರ ಹೆಸರಿಗೆ ಬಿಡ್ರಿ.